ಹನ್ನೊಂದನೆಯ ಪ್ರಶ್ನೆಗೆ ಉತ್ತರ

ಆ ನಾಲ್ಕು ವಾರ, ಸಂಜೆ ಸರಿಯಾಗಿ ಆರೂವರೆಗೆ, ನನ್ನ ಅಕ್ಕ ಊಟದ ಮೇಜಿನ ಪಕ್ಕದ ಕುರ್ಚಿಯ ತುದಿಯಲ್ಲಿ ಕುಳಿತು ಎರಡೂ ಕಾಲುಗಳನ್ನು ಜೋಡಿಸಿ ಮುಂದಕ್ಕೆ ಎತ್ತುತ್ತಿದ್ದಳು. ಮೊಣಕಾಲು ಮಡಚಬಾರದು, ಹಿಮ್ಮಡಿ ಸೊಂಟದ ಮಟ್ಟಕ್ಕೆ ಬರಬೇಕು, ಹತ್ತು ಎಣಿಸುವವರೆಗೆ ಹಾಗೆಯೇ ನಿಲ್ಲಬೇಕು. ಎಣಿಸುವ ಕೆಲಸ ಭಾವನದು. ಅವರು ಗಡಿಯಾರ ರಿಪೇರಿ ಮಾಡುವವರು; ಅಂಗಡಿ ಮುಚ್ಚಿ ಬಂದವರೇ, ಹಣೆಯ ಮೇಲಿನ ಭೂತಗನ್ನಡಿಯನ್ನೂ ತೆಗೆಯದೆ ಎದುರಿಗೆ ಕೂರುತ್ತಿದ್ದರು.

"ಏಳು... ಏಳೂ ಕಾಲು... ಏಳೂವರೆ..."

"ರೀ, ನೆಟ್ಟಗೆ ಎಣಿಸ್ರೀ! ಗಡಿಯಾರ ರಿಪೇರಿ ಮಾಡೋರಿಗೆ ಹತ್ತು ಸೆಕೆಂಡು ಎಷ್ಟು ಅಂತ ಗೊತ್ತಾಗಲ್ವಾ?"

"ಗಿರಾಕಿ ಎದುರಿಗಿದ್ರೆ ಗೊತ್ತಾಗುತ್ತೆ ಕಣೇ. ಹೆಂಡತಿ ಎದುರಿಗಿದ್ರೆ ಸಮಯ ನಿಂತುಹೋಗುತ್ತೆ."

ಅಕ್ಕನಿಗೆ ನಗು ಬಂದು ಕಾಲು ಕೆಳಗೆ ಬೀಳುತ್ತಿತ್ತು. ಮತ್ತೆ ಒಂದರಿಂದ ಶುರು.

ವಿಮಾನದಿಂದ ಮೊದಲ ಸಲ ಜಿಗಿಯುವವರನ್ನು ಒಂಟಿಯಾಗಿ ಬಿಡುವುದಿಲ್ಲ. ತರಬೇತುದಾರನ ಎದೆಗೆ ಪಟ್ಟಿಗಳಿಂದ ಬಿಗಿದು, ಇಬ್ಬರಿಗೂ ಸೇರಿ ಒಂದೇ ಪ್ಯಾರಾಚೂಟ್ ಇಟ್ಟು, ಜೋಡಿಯಾಗಿ ಇಳಿಸುತ್ತಾರೆ. ಅಂಥವರು ಕಲಿಯಬೇಕಾದ ಪಾಠಗಳು ಹೆಚ್ಚಿಲ್ಲ. ಬಾಗಿಲಲ್ಲಿ ಕುಳಿತಾಗ ತಲೆಯನ್ನು ಹಿಂದಿನವರ ಹೆಗಲಿಗೆ ಒರಗಿಸಬೇಕು. ಬೀಳುವಾಗ ಮೈಯನ್ನು ಬಿಲ್ಲಿನಂತೆ ಬಾಗಿಸಬೇಕು. ನೆಲ ಹತ್ತಿರವಾದಾಗ ಕಾಲೆತ್ತಬೇಕು. ಕಾಲೆತ್ತದಿದ್ದರೆ ಇಬ್ಬರ ಭಾರವೂ ಮುಂದಿರುವವರ ಕಣಕಾಲಿನ ಮೇಲೆ ಬೀಳುತ್ತದೆ. ಐವತ್ತೆಂಟು ತುಂಬಿದ ನನ್ನ ಅಕ್ಕನಿಗೆ ಹಾಗಾಗಬಾರದೆಂದು ಈ ಸಾಧನೆ.

ಅಕ್ಕ ಮೂವತ್ತೊಂದು ವರ್ಷ ಒಂದು ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸಿದಳು. ಒಂಬತ್ತು ಮಹಡಿಯ ಕಟ್ಟಡ. ಅವಳದು ಹಿಂಬದಿಯ ಹಳೆಯ ಲಿಫ್ಟ್: ಗುಂಡಿಗಳಿಲ್ಲ, ಗೋಡೆಗೆ ಹಿತ್ತಾಳೆಯ ಒಂದು ಹಿಡಿಕೆ, ಎಳೆದರೆ ಮಡಚಿಕೊಳ್ಳುವ ಜಾಲರಿ ಬಾಗಿಲು, ಮೂಲೆಯಲ್ಲಿ ಒಂದು ಸ್ಟೂಲು, ಮೇಲೊಂದು ಬಲ್ಬು. ಲಿಫ್ಟಿನ ನೆಲವನ್ನು ಮಹಡಿಯ ನೆಲದ ಮಟ್ಟಕ್ಕೆ ತಂದು ನಿಲ್ಲಿಸುವುದು ಆ ಹಿಡಿಕೆ ಹಿಡಿದವರ ಕೈಚಳಕ. ಒಂದು ಬೆರಳಿನಷ್ಟು ಮೇಲುಕೆಳಗಾದರೂ ಸ್ಟ್ರೆಚರ್‌ನ ಚಕ್ರ ಎಡವುತ್ತದೆ; ಹೊಲಿಗೆ ಹಾಕಿಸಿಕೊಂಡವರು ಹಲ್ಲು ಕಚ್ಚುತ್ತಾರೆ. ಅಕ್ಕನ ಲಿಫ್ಟಿನಲ್ಲಿ ಚಕ್ರ ಎಡವಿದ್ದನ್ನು ಕಂಡವರಿಲ್ಲ. ವೈದ್ಯರಿಂದ ಹಿಡಿದು ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವವರವರೆಗೆ ಎಲ್ಲರೂ ಅವಳನ್ನು 'ಲಿಫ್ಟಮ್ಮ' ಎಂದೇ ಕರೆಯುತ್ತಿದ್ದರು.

ಆದರೆ ಆ ಪೆಟ್ಟಿಗೆಗೆ ಕಿಟಕಿ ಇರಲಿಲ್ಲ. ಒಂಬತ್ತನೆಯ ಮಹಡಿಗೆ ದಿನಕ್ಕೆ ಎಷ್ಟು ಸಲ ಹೋದರೂ ಅವಳಿಗೆ ಕಾಣುತ್ತಿದ್ದುದು ಅದೇ ಹಸಿರು ಬಣ್ಣದ ಓಣಿಯ ಗೋಡೆ. ತಾರಸಿಯ ಬಾಗಿಲಿಗೆ ಸದಾ ಬೀಗ. ಅವಳು ನಿವೃತ್ತಳಾಗುವ ವರ್ಷವೇ ಆ ಲಿಫ್ಟನ್ನು ಕಿತ್ತು ಗುಂಡಿಗಳಿರುವ ಹೊಸದನ್ನು ಹಾಕುವುದೆಂದು ತೀರ್ಮಾನವಾಯಿತು. ಏನು ಉಡುಗೊರೆ ಬೇಕೆಂದು ಜೊತೆಯವರು ಕೇಳಿದಾಗ ಅಕ್ಕ ತಮಾಷೆಗೆ, "ಒಂದ್ಸಲ ಮೇಲೆ ಹೋಗ್ಬೇಕು, ಲಿಫ್ಟಲ್ಲಿ ಇಳೀಬಾರ್ದು. ಅಂಥದ್ದೇನಾದ್ರೂ ಇದ್ರೆ ಕೊಡಿ" ಅಂದಳಂತೆ. ಅವರು ಅದನ್ನು ತಮಾಷೆಯೆಂದು ಬಿಡಲಿಲ್ಲ. ಬೀಳ್ಕೊಡುಗೆಯ ದಿನ ಲಕೋಟೆಯೊಂದರಲ್ಲಿ ಜೋಡಿ ಜಿಗಿತದ ಟಿಕೆಟ್ ಇತ್ತು; ಅದರ ಹಿಂದೆ ಇಡೀ ಆಸ್ಪತ್ರೆಯ ಸಹಿಗಳು.

ಅಕ್ಕ ಹೆದರಿ ಹಿಂದಕ್ಕೆ ಕೊಡುತ್ತಾಳೆಂದು ನಾನು ಭಾವಿಸಿದ್ದೆ. ಅವಳು ಅದನ್ನು ಎರಡು ಸಲ ಓದಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಯಾವಾಗ ಹೋಗೋದು?" ಎಂದು ಕೇಳಿದಳು.

ಮೊದಲ ಪಾಠಕ್ಕೆ ಒಂದು ಭಾನುವಾರ ಮೂವರೂ ಹೋದೆವು. ಊರಾಚೆ ಬಯಲಿನಲ್ಲಿ ವಿಮಾನದ ಒಂದು ಓಡುಹಾದಿ, ಎರಡು ತಗಡಿನ ಶೆಡ್ಡು. ಒಂದು ಶೆಡ್ಡಿನೊಳಗೆ ರೆಕ್ಕೆಯಿಲ್ಲದ ಹಳೆಯ ವಿಮಾನದ ಒಡಲನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿದ್ದರು. ಅದರಲ್ಲಿ ಅಭ್ಯಾಸ. ಅಕ್ಕನ ಜೊತೆ ಇನ್ನೂ ಮೂವರು ಕಲಿಯುವವರು: ಹೊಸದಾಗಿ ಮದುವೆಯಾದ ಒಂದು ಜೋಡಿ, ಒಬ್ಬ ಬ್ಯಾಂಕಿನ ಗುಮಾಸ್ತ. ತರಬೇತುದಾರನಿಗೆ ಮೂವತ್ತೈದರ ಆಸುಪಾಸು, ಮಾತಿನಲ್ಲಿ ಸಾವಧಾನ. ಅಕ್ಕ ಅವನನ್ನು ಮೊದಲ ಕ್ಷಣದಿಂದಲೇ 'ಮೇಷ್ಟ್ರೇ' ಅಂದಳು.

ಬಾಗಿಲಿಗೆ ಅತ್ಯಂತ ಹತ್ತಿರ ಕುಳಿತಿದ್ದವಳು ಅವಳೇ. ಅವನು "ಬಾಗಿಲು!" ಎಂದು ಕೂಗಿ ಬಾಗಿಲನ್ನು ಸರಿಸಿದೊಡನೆ, ಅಕ್ಕ ಚಂಗನೆ ಎದ್ದು ಬೆನ್ನನ್ನು ಗೋಡೆಗೆ ಅಂಟಿಸಿ, ಎಡಗೈಯನ್ನು ಬಾಗಿಲಿಗೆ ಅಡ್ಡ ಹಿಡಿದು, "ನಿಧಾನ, ನಿಧಾನ... ಒಬ್ಬೊಬ್ರೇ ಇಳೀರಿ, ಕೆಳಗೆ ನೋಡ್ಕೊಳ್ಳಿ" ಅಂದಳು.

ಗುಮಾಸ್ತ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಅಮ್ಮಾ, ಹತ್ತು ಸಾವಿರ ಅಡಿ ಮೇಲೆ ಹಾಗೆಲ್ಲ ಕೆಳಗೆ ನೋಡ್ಕೊಂಡು ಇಳಿಯೋಕಾಗಲ್ಲ" ಅಂದ ತರಬೇತುದಾರ. "ಇಲ್ಲಿ ನೀವೇ ಮೊದಲು."

"ನಾನು ಮೊದಲು ಇಳಿದು ಗೊತ್ತೇ ಇಲ್ಲ ಮೇಷ್ಟ್ರೇ. ನಾನೇ ಇಳಿದುಬಿಟ್ರೆ ಒಳಗಿರೋರಿಗೆ ಗತಿ ಯಾರು?"

ಎರಡನೆಯ ಸಲವೂ ಅದೇ ಆಯಿತು. ಮೂರನೆಯ ಸಲ ಅವಳು ತನ್ನ ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡು ಕುಳಿತಿದ್ದಳು, ಆದರೂ "ಬಾಗಿಲು!" ಎಂಬ ಮಾತು ಕಿವಿಗೆ ಬಿದ್ದೊಡನೆ ಮೈ ತಾನಾಗಿ ಗೋಡೆಗೆ ಸರಿಯಿತು. ತರಬೇತುದಾರ ಮನೆಪಾಠ ಕೊಟ್ಟು ಕಳಿಸಿದ: ಕಾಲೆತ್ತುವುದು ಹತ್ತು ಸಲ, ಬಾಗಿಲು ದಾಟುವುದು ಇಪ್ಪತ್ತು ಸಲ.

ಹೀಗೆ ಸಂಜೆಯ ಎರಡನೆಯ ಪಾಠ ಶುರುವಾಯಿತು. ಭಾವ ಮಲಗುವ ಕೋಣೆಯ ಬಾಗಿಲನ್ನು ಒಳಗಿನಿಂದ ಫಕ್ಕನೆ ತೆರೆಯಬೇಕು; ಅಕ್ಕ ಯಾರಿಗೂ ಕಾಯದೆ ಹೊರಗೆ ಬರಬೇಕು. ನಾನು ಅವಳ ಹಿಂದೆ, ಅವಸರದ ಪ್ರಯಾಣಿಕನಂತೆ ನಿಲ್ಲಬೇಕು. ನಾನು ಪಕ್ಕದ ಬೀದಿಯಲ್ಲಿಯೇ ಇರುವವನು. ನೀರು ಸರಬರಾಜು ಕಚೇರಿಯ ದಾಖಲೆ ವಿಭಾಗದಿಂದ ಐದೂವರೆಗೆ ಹೊರಬಿದ್ದರೆ ಈ ಕೆಲಸಕ್ಕೆ ಸರಿಯಾಗಿ ಬಂದು ಸೇರುತ್ತಿದ್ದೆ. ಮೊದಲ ವಾರವೆಲ್ಲ ಅವಳು ನನಗೆ ದಾರಿ ಬಿಟ್ಟು ನಿಲ್ಲುತ್ತಿದ್ದಳು.

"ನೂಕೋ ಅವಳನ್ನ!" ಎಂದು ಭಾವ ಒಳಗಿನಿಂದ ಕೂಗುತ್ತಿದ್ದರು. "ಹೆಂಡತಿನ ನೂಕೋ ಅವಕಾಶ ದೇವರು ನನಗಂತೂ ಕೊಡ್ಲಿಲ್ಲ, ನೀನಾದ್ರೂ ನೂಕು!"

"ನೋಡ್ತಾ ಇರಿ, ಮೇಲಿಂದ ನಿಮ್ಮ ಅಂಗಡಿ ಮೇಲೇ ಬೀಳ್ತೀನಿ."

"ಬೀಳು. ಬೀಳೋವಾಗ ಟೈಮೆಷ್ಟು ಅಂತ ನೋಡ್ಕೊಂಡು ಬೀಳು."

ನಾಲ್ಕನೆಯ ವಾರದ ಹೊತ್ತಿಗೆ ಅಕ್ಕ ಕಲಿತುಬಿಟ್ಟಿದ್ದಳು. ಮಂಗಳವಾರ ನಾವಿಬ್ಬರೂ ಔಷಧದ ಅಂಗಡಿಗೆ ಹೋದಾಗ, ಗಾಜಿನ ಬಾಗಿಲು ತೆರೆದುಕೊಂಡಿತು. ಅವಳು ನನ್ನತ್ತ ತಿರುಗಿಯೂ ನೋಡದೆ ಒಳಗೆ ನಡೆದುಹೋದಳು. ಆಮೇಲೆ ತಾನೇ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮನೆಪಾಠ ಬಿಟ್ಟರೆ, ನನಗೆ ತಿಳಿದಮಟ್ಟಿಗೆ ಯಾರಿಗಾದರೂ ಮುಂಚೆ ಅವಳು ಬಾಗಿಲು ದಾಟಿದ್ದು ಅದೇ ಮೊದಲು. ಆ ದಿನದ ದಿನಚರಿಯಲ್ಲಿ ಅದನ್ನು ಬರೆದಿದ್ದೇನೆ.

ದಿನಚರಿಯ ಮಾತು ಇಲ್ಲಿ ಬಂದದ್ದರಿಂದ ಮುಂದಿನದನ್ನು ಹೇಳಬೇಕು. ಕಾಲೇಜಿನ ಎರಡನೆಯ ವರ್ಷದಿಂದ ನಾನು ದಿನವೂ ಒಂದು ಪುಟ ಬರೆಯುತ್ತ ಬಂದಿದ್ದೇನೆ. ಮನೆಯಲ್ಲಿ ಯಾವುದಾದರೂ ತಾರೀಕಿನ ಬಗ್ಗೆ ತಕರಾರಾದರೆ ತೀರ್ಪು ನನ್ನದೇ. ಅಕ್ಕನ ಮೊದಲ ಕನ್ನಡಕ, ಭಾವನ ಅಂಗಡಿಯ ಬಾಗಿಲು ಬದಲಾಯಿಸಿದ್ದು, ಎಲ್ಲಕ್ಕೂ ದಿನ ಮತ್ತು ಗಂಟೆ ನನ್ನಲ್ಲಿ ಸಿಗುತ್ತದೆ.

ಜಿಗಿತದ ಮೈದಾನದವರು ಎರಡು ಪುಟದ ಅರ್ಜಿಯೊಂದನ್ನು ಕೊಟ್ಟಿದ್ದರು. ಎರಡನೆಯ ವಾರದ ಒಂದು ಸಂಜೆ ಅಕ್ಕ ಅದನ್ನು ನನ್ನ ಮುಂದಿಟ್ಟಳು.

"ನೀನೇ ತುಂಬಿಸಪ್ಪ. ನಿನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತೆ. ನಾನು ಬರೆದ್ರೆ ನನ್ನ ಬದಲು ಕೋಳಿನ ವಿಮಾನ ಹತ್ತಿಸ್ತಾರೆ."

ವಯಸ್ಸು, ತೂಕ, ಎತ್ತರ, ರಕ್ತದ ಗುಂಪು. ನಾನು ಪ್ರಶ್ನೆ ಓದುತ್ತ ಹೋದೆ, ಅವಳು ಬಟ್ಟೆ ಮಡಚುತ್ತ ಉತ್ತರ ಹೇಳುತ್ತ ಹೋದಳು. ಹನ್ನೊಂದನೆಯ ಪ್ರಶ್ನೆ ಹೀಗಿತ್ತು: ಕಳೆದ ಐದು ವರ್ಷಗಳಲ್ಲಿ, ಕ್ಷಣಕಾಲವಾದರೂ, ಪ್ರಜ್ಞೆ ತಪ್ಪಿದ್ದುಂಟೇ?

"ಇಲ್ಲ ಅಂತ ಬರಿ."

"ಅಕ್ಕ, ಆಸ್ಪತ್ರೇಲಿ ಒಂದ್ಸಲ..."

"ಅದು ಯಾವ ಕಾಲದ್ದೋ. ಇಲ್ಲ ಅಂತ ಬರಿ ಸಾಕು."

ನಾನು ಆ ಜಾಗವನ್ನು ಖಾಲಿ ಬಿಟ್ಟು ಮುಂದಿನದಕ್ಕೆ ಹೋದೆ. ಮನೆಗೆ ಬಂದು ಹಳೆಯ ದಿನಚರಿಗಳನ್ನು ತೆಗೆದೆ. ಹುಡುಕುವುದು ಕಷ್ಟವಾಗಲಿಲ್ಲ. 'ಮಧ್ಯಾಹ್ನ ಮೂರು ಹತ್ತಕ್ಕೆ ಆಸ್ಪತ್ರೆಯಿಂದ ಫೋನ್. ಅಕ್ಕ ಲಿಫ್ಟಿನಲ್ಲಿ ತಲೆಸುತ್ತಿ ಬಿದ್ದಳು. ಮೂರು ನಿಮಿಷ ಎಚ್ಚರವಿರಲಿಲ್ಲ. ರಕ್ತದೊತ್ತಡ ಸರಿಯಾಗಿದೆ. ನಾಲ್ಕೂವರೆಗೆ ಮನೆಗೆ ಕರೆತಂದೆ. ಬಂದೊಡನೆ ಹಸಿವು ಎಂದು ಊಟ ಕೇಳಿದಳು.' ತಾರೀಕು ಎಣಿಸಿದೆ. ನಾಲ್ಕು ವರ್ಷ, ಹತ್ತು ತಿಂಗಳು. ಐದು ತುಂಬಲು ಎರಡು ತಿಂಗಳು ಬಾಕಿ.

ಖಾಲಿ ಬಿಟ್ಟ ಜಾಗದಲ್ಲಿ 'ಹೌದು' ಎಂದು ಬರೆದು, ಮುಂದೆ ತಾರೀಕನ್ನೂ 'ಮೂರು ನಿಮಿಷ' ಎಂಬುದನ್ನೂ ಸೇರಿಸಿದೆ. ಹೌದು ಎಂದವರು ವೈದ್ಯರ ಪತ್ರ ಲಗತ್ತಿಸಬೇಕೆಂದು ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು. ಅದನ್ನು ಓದಿರಲಿಲ್ಲವೆಂದು ಹೇಳಲಾರೆ. ಕಚೇರಿಯವರು ಅರ್ಜಿ ನೋಡಿ ಫೋನ್ ಮಾಡುತ್ತಾರೆ, ಆಗ ಅವಳ ಆಸ್ಪತ್ರೆಯಿಂದಲೇ ಪತ್ರ ತಂದರಾಯಿತು ಎಂದುಕೊಂಡೆ. ಮರುದಿನ ಅಕ್ಕ ಎಲ್ಲಿ ಸಹಿ ಹಾಕಬೇಕೆಂದು ಕೇಳಿದಳು, ಬೆರಳಿಟ್ಟು ತೋರಿಸಿದೆ. ಅವಳು ಓದದೆ ಸಹಿ ಹಾಕಿದಳು. ನಾನು ಬರೆದದ್ದನ್ನು ಅವಳು ಎಂದೂ ಓದಿ ನೋಡಿದವಳಲ್ಲ. ಆ ಸಂಜೆಯೇ ಅರ್ಜಿಯನ್ನು ಅಂಚೆಗೆ ಹಾಕಿದೆ. ಹನ್ನೊಂದನೆಯ ಪ್ರಶ್ನೆಯ ವಿಷಯ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂಬುದನ್ನು ಅಂದಿನಿಂದ ಹಲವು ಬಗೆಯಲ್ಲಿ ಬರೆದು ನೋಡಿದ್ದೇನೆ. ಸತ್ಯ ಬರೆದೆ ಎಂಬುದು ಒಂದು ಉತ್ತರ. ಅದು ಪೂರ್ತಿ ಉತ್ತರವಲ್ಲ. ವಿಮಾನದ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕುಳಿತ ಅಕ್ಕನನ್ನು ನೆನೆದರೆ ನನಗೆ ಹೆದರಿಕೆಯಾಗುತ್ತಿತ್ತು. ಹೋಗಬೇಡ ಅನ್ನುವ ಧೈರ್ಯ ನನಗಿರಲಿಲ್ಲ. ಆ ಮಾತನ್ನು ಒಂದು ಕಾಗದ ಹೇಳಲಿ ಎಂದು ಒಳಗೊಳಗೇ ಬಯಸಿದ್ದೆ. ಫೋನ್ ಬರಲಿಲ್ಲ. ಮೂರನೆಯ ವಾರ ಹೇಳಿಬಿಡೋಣವೆಂದು ಹೊರಟೆ. ಅವಳು ಅಂದು ಮೊದಲ ಸಲ ಹತ್ತರವರೆಗೆ ಕಾಲು ಎತ್ತಿ ಹಿಡಿದಿದ್ದಳು. ಸುಮ್ಮನೆ ಟೀ ಕುಡಿದು ಬಂದೆ.

ಜಿಗಿತದ ದಿನ ಬೆಳಿಗ್ಗೆ ಎಂಟು ಗಂಟೆಗೆ ನಾವು ಮೈದಾನದಲ್ಲಿದ್ದೆವು. ಗಾಳಿ ಇರಲಿಲ್ಲ; ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಬಟ್ಟೆಯ ಕೊಳವೆ ಜೋತುಬಿದ್ದಿತ್ತು. ಅಕ್ಕನಿಗೆ ಕಿತ್ತಳೆ ಬಣ್ಣದ ಉಡುಪು ಕೊಟ್ಟಿದ್ದರು. ಅದರ ತೋಳು ಉದ್ದವಾಗಿ ಎರಡು ಮಡಿಕೆ ಮಡಚಿಕೊಂಡಿದ್ದಳು. ಗಾಳಿ ತಡೆಯುವ ಕನ್ನಡಕವನ್ನು ಹಣೆಗೇರಿಸಿ, ಜಡೆಯನ್ನು ಕಾಲರಿನೊಳಗೆ ತುರುಕಿ, ಭಾವನ ಮುಂದೆ ಒಂದು ಸುತ್ತು ತಿರುಗಿದಳು.

"ಹೇಗಿದೀನಿ?"

"ಗ್ಯಾಸ್ ಸಿಲಿಂಡರ್ ಥರ ಇದೀಯ" ಅಂದರು ಭಾವ. ಅವರು ತಮ್ಮ ಕೈಗಡಿಯಾರ ಬಿಚ್ಚಿ ಅವಳ ಮಣಿಕಟ್ಟಿಗೆ ಕಟ್ಟಿದರು. "ಟೈಮು ನೋಡ್ಕೊಂಡು ಬೀಳು ಅಂದಿದ್ನಲ್ಲ."

ಆಗ ಅರ್ಜಿ ನೋಡುವ ಮೇಜಿನ ಬಳಿಯ ಹೆಂಗಸು ಕರೆದಳು. ಅವಳ ಕೈಯಲ್ಲಿ ಅರ್ಜಿ ಇತ್ತು; ಅಂದೇ ಮೊದಲು ಬಿಚ್ಚಿದಂತೆ ಕಾಣುತ್ತಿತ್ತು.

"ಮೇಡಂ, ಹನ್ನೊಂದನೇದಕ್ಕೆ ಹೌದು ಅಂತ ಬರ್ದಿದೀರಾ. ಮೂರು ನಿಮಿಷ ಪ್ರಜ್ಞೆ ಇರ್ಲಿಲ್ಲ ಅಂತ, ತಾರೀಕು ಸಮೇತ. ಡಾಕ್ಟ್ರ ಪತ್ರ ಎಲ್ಲಿ?"

ಅಕ್ಕ ಬಗ್ಗಿ ಕಾಗದ ನೋಡಿದಳು. ನನ್ನ ಅಕ್ಷರ ಅವಳಿಗೆ ಗೊತ್ತಿಲ್ಲದ್ದಲ್ಲ. ಅವಳು ನನ್ನ ಕಡೆ ತಿರುಗುತ್ತಾಳೆಂದು ಕಾದೆ. ತಿರುಗಲಿಲ್ಲ.

"ಹೌದು, ಬರ್ದಿದೆ" ಅಂದಳು.

ತರಬೇತುದಾರ ಬಂದು ಓದಿದ. ಅವನ ಮುಖವೂ ಸಪ್ಪಗಾಯಿತು. "ಅಮ್ಮಾ, ಇದನ್ನ ನೋಡಿದ ಮೇಲೆ ನಾನು ಕರ್ಕೊಂಡು ಹೋಗೋ ಹಾಗಿಲ್ಲ. ಮೇಲೆ ನಿಮಗೆ ಎಚ್ಚರ ತಪ್ಪಿದ್ರೆ ಇಳಿಯೋವಾಗ ಕಾಲೆತ್ತೋರು ಯಾರು? ಒಂದು ಪತ್ರ ತಂದುಬಿಡಿ. ಮುಂದಿನ ವಾರ ನಾನೇ ಕರ್ಕೊಂಡು ಹೋಗ್ತೀನಿ."

"ಅವಳಿಗೆ ಏನೂ ಆಗಿಲ್ಲ ರೀ!" ಎಂದು ಭಾವ ದನಿ ಏರಿಸಿದರು. "ನಾಲ್ಕು ವಾರದಿಂದ ನಾನೇ ಎಣಿಸ್ತಿದೀನಿ!"

"ಬಿಡ್ರೀ" ಅಂದಳು ಅಕ್ಕ. "ಅವರ ಕೆಲಸ ಅವರು ಮಾಡ್ಬೇಕಲ್ಲ."

ಅವಳು ಉಡುಪನ್ನು ಕಳಚಿ, ತೋಳಿನ ಮಡಿಕೆಗಳನ್ನು ಬಿಚ್ಚಿ ನೇರ ಮಾಡಿ, ಆಸ್ಪತ್ರೆಯ ಹಾಸಿಗೆ ಬಟ್ಟೆಯನ್ನು ಮಡಚುವಂತೆ ಚೌಕವಾಗಿ ಮಡಚಿ ಮೇಜಿನ ಮೇಲಿಟ್ಟಳು. ಹೊಸ ಜೋಡಿ ವಿಮಾನದ ಕಡೆ ನಡೆಯುತ್ತ ಅವಳಿಗೆ ಕೈ ಬೀಸಿತು. ಅವಳೂ ಬೀಸಿದಳು.

ವಾಪಸು ಬರುವ ಬಸ್ಸಿನಲ್ಲಿ ಭಾವ ಮುಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದರು. ಅಕ್ಕ ನನ್ನ ಪಕ್ಕದಲ್ಲಿ. ಅರ್ಧ ದಾರಿ ಕಳೆದ ಮೇಲೆ ಮಾತಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನಾನು ಇಂದಿಗೂ ತಾಳಲಾರೆ.

"ನಾನು ಅವತ್ತು ಬಿದ್ದಿರ್ಲಿಲ್ಲ ಕಣೋ."

ನಾನು ಅರ್ಥವಾಗದೆ ಅವಳ ಮುಖ ನೋಡಿದೆ.

"ಏಳನೇ ಮಹಡಿಯಿಂದ ಒಬ್ಬ ಹೆಂಗಸು ಹತ್ತಿದ್ಲು. ಗಂಡ ಆಗಷ್ಟೇ ಹೋಗಿದ್ದ. ಕೆಳಗೆ ಎರಡು ಮಕ್ಕಳು ಕಾಯ್ತಾ ಇದ್ವು. ಬೆಳಿಗ್ಗೆ ನಾನೇ ನೋಡಿದ್ದೆ, ಬೆಂಚಿನ ಮೇಲೆ ಬಿಸ್ಕತ್ತು ತಿಂತಾ ಕೂತಿದ್ವು. ಆಕೆ ಏನೂ ಕೇಳ್ಲಿಲ್ಲ. 'ಬೇಗ ಇಳಿಸ್ಬೇಡಿ' ಅಂದ್ಲು, ಅಷ್ಟೇ. ಐದಕ್ಕೂ ನಾಲ್ಕಕ್ಕೂ ನಡುವೆ ಹಿಡಿಕೆ ನಿಲ್ಲಿಸಿದೆ. ಗೋಡೆಗೆ ಮುಖ ಕೊಟ್ಟು ಅತ್ಲು. ನಾನು ಈ ಕಡೆ ಗೋಡೆ ನೋಡ್ತಾ ನಿಂತಿದ್ದೆ. ಆಮೇಲೆ ಮುಖ ಒರೆಸ್ಕೊಂಡು 'ಈಗ ಇಳಿಸಿ' ಅಂದ್ಲು."

"ಹಾಗಾದ್ರೆ ಫೋನು..."

"ನಾಲ್ಕರಲ್ಲಿ ಮೇಲ್ವಿಚಾರಕರು ನಿಂತಿದ್ರು. ಮಧ್ಯೆ ನಿಲ್ಲಿಸ್ಬಾರ್ದು ಅಂತ ರೂಲು. ಯಾಕೆ ನಿಂತ್ಹೋಯ್ತು ಅಂತ ಬೈತಾ ಇದ್ರು. ಆ ಹೆಂಗಸಿನ ಮುಂದೆ ಏನಂತ ಹೇಳ್ಲಿ? ತಲೆ ಸುತ್ತಿ ಬಿದ್ದುಬಿಟ್ಟೆ ಅಂದೆ. ಅವ್ರು ಹೆದರಿ ಡಾಕ್ಟ್ರನ್ನ ಕರೆಸಿದ್ರು, ನಿನಗೂ ಫೋನ್ ಮಾಡಿದ್ರು. ನಡೀತು."

"ಆಗಾಗ ಹೀಗೆ..."

"ವರ್ಷಕ್ಕೆ ಒಂದೆರಡು ಸಲ. ಆ ಕಟ್ಟಡದಲ್ಲಿ ಅಳೋಕೆ ಬೇರೆ ಜಾಗ ಎಲ್ಲಿದೆ? ಸಿಕ್ಕಿಬಿದ್ದಿದ್ದು ಅದೊಂದೇ ಸಲ."

"ನನಗ್ಯಾಕೆ ಹೇಳ್ಲಿಲ್ಲ ಅಕ್ಕ?"

ಬಸ್ಸು ಹತ್ತಿದ ಮೇಲೆ ಅವಳು ಮೊದಲ ಸಲ ನಕ್ಕಳು. "ಹೇಳಿದ್ರೆ ನೀನು ಬರ್ಕೊಳ್ತಿದ್ದೆ."

ನನ್ನ ಪುಟದಲ್ಲಿಯೇ ಸುಳಿವು ಇತ್ತು: ಮೂರು ನಿಮಿಷ ಪ್ರಜ್ಞೆ ತಪ್ಪಿದವಳು ಮನೆಗೆ ಬಂದೊಡನೆ ಹಸಿವು ಎಂದಿದ್ದಳು. ಬರೆದುಕೊಂಡಿದ್ದೆ, ಯೋಚಿಸಿರಲಿಲ್ಲ.

"ಮೈದಾನದಲ್ಲೇ ಆ ಅರ್ಜಿ ಹೆಂಗಸಿಗೆ ನಿಜ ಹೇಳ್ಬಹುದಾಗಿತ್ತಲ್ಲ?" ಎಂದು ಕೊನೆಗೆ ಕೇಳಿದೆ.

"ಏನಂತ ಹೇಳ್ಲಿ? ನನ್ನ ತಮ್ಮ ಸುಳ್ಳು ಬರ್ದಿದಾನೆ ಅಂತಾನಾ?"

ನಮ್ಮ ನಿಲ್ದಾಣ ಬಂತು. ಬಸ್ಸಿನ ಬಾಗಿಲು ತೆರೆಯಿತು. ಅಕ್ಕ ಎದ್ದು, ಕಂಬಿಗೆ ಬೆನ್ನು ಒತ್ತಿ ಸರಿದು, ಎಡಗೈಯನ್ನು ಅಡ್ಡ ಹಿಡಿದು ನಿಂತಳು. ಎಲ್ಲರೂ ಇಳಿದರು. ಭಾವ ಇಳಿದರು, ನಾನು ಇಳಿದೆ. ಕೊನೆಯಲ್ಲಿ ಅವಳು ಇಳಿದಳು.

ಪತ್ರ ತರುವುದು ತರಬೇತುದಾರ ಅಂದುಕೊಂಡಷ್ಟು ಸುಲಭವಾಗಲಿಲ್ಲ. ಆಸ್ಪತ್ರೆಯ ಕಡತದಲ್ಲಿ ಅಂದಿನ ವರದಿ ಇತ್ತು, ಅಕ್ಕನ ಸಹಿಯೂ ಇತ್ತು. ವೈದ್ಯರು ಅವಳನ್ನು ಬಲ್ಲವರೇ. ಆದರೆ ಬರೆದದ್ದನ್ನು ಕಣ್ಣಾರೆ ಕಂಡ ಮೇಲೆ ಪರೀಕ್ಷೆ ಮಾಡದೆ ಸಹಿ ಹಾಕಲು ಒಪ್ಪಲಿಲ್ಲ. ಎದೆಗೆ ತಂತಿ ಅಂಟಿಸಿಕೊಂಡು ಒಂದು ಹಗಲು ಒಂದು ರಾತ್ರಿ ಇರಬೇಕಾಯಿತು. ತಲೆಯ ಚಿತ್ರ ತೆಗೆಸಬೇಕಾಯಿತು. ಪ್ರತಿಯೊಂದಕ್ಕೂ ಸರದಿ. ಪ್ರತಿ ಸಲವೂ ನಾನು ರಜೆ ಹಾಕಿ ಜೊತೆಗೆ ಹೋದೆ. ಹಿಂಬದಿಯ ಲಿಫ್ಟಿನ ಜಾಗದಲ್ಲಿ ಈಗ ಮಿರಮಿರ ಮಿಂಚುವ ಹೊಸದು. ಅದು ಮಹಡಿಯ ಸಂಖ್ಯೆಯನ್ನು ತಾನೇ ಹೇಳುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಗೆ ತಲುಪಿಸುತ್ತದೆ. ಅಕ್ಕ ಅದರೊಳಗೆ ನಿಂತು ಗುಂಡಿಗಳನ್ನು ಒಂದೊಂದಾಗಿ ನೋಡಿದಳು.

"ಮಧ್ಯದಲ್ಲಿ ನಿಲ್ಲಿಸೋದು ಯಾವ್ದು?" ಎಂದು ಕೇಳಿದಳು.

ಕೆಂಪು ಗುಂಡಿ ತೋರಿಸಿದೆ. ಅದನ್ನು ಒತ್ತಿದರೆ ಇಡೀ ಕಟ್ಟಡಕ್ಕೆ ಕೇಳುವಂತೆ ಗಂಟೆ ಹೊಡೆದುಕೊಳ್ಳುತ್ತದೆಂದು ಪಕ್ಕದಲ್ಲಿದ್ದ ನರ್ಸ್ ಹೇಳಿದಳು.

ಪತ್ರ ಕೈಗೆ ಬಂದಾಗ ಒಂಬತ್ತು ವಾರವಾಗಿತ್ತು. ಆ ಹೊತ್ತಿಗೆ ಐದು ವರ್ಷ ತಾನಾಗಿ ತುಂಬಿ ಪತ್ರದ ಅಗತ್ಯವೇ ಉಳಿದಿರಲಿಲ್ಲ. ಗಾಳಿಯ ತಿಂಗಳುಗಳು ಬಂದವೆಂದು ಮೈದಾನವನ್ನೂ ಮುಚ್ಚಿದ್ದರು. ಸಂಜೆ ಆರೂವರೆಗೆ ನಾನು ಹೋದರೆ ಕುರ್ಚಿ ಮೇಜಿನಡಿಗೆ ಸರಿದಿರುತ್ತಿತ್ತು. ಒಂದು ದಿನ ಭಾವ ತಾವೇ ಅದನ್ನು ಎಳೆದು, "ಬಾರೇ, ಎಣಿಸ್ತೀನಿ" ಎಂದು ಕರೆದರು. ಅವಳು ಕುಳಿತು ಮೂರರವರೆಗೆ ಹಿಡಿದು ಕಾಲು ಬಿಟ್ಟಳು. ನಗು ಬಂದು ಬಿಟ್ಟದ್ದಲ್ಲ.

ಐದು ತಿಂಗಳ ಮೇಲೆ ಮೈದಾನ ತೆರೆಯಿತು. ನಾನು ಹೊಸ ಅರ್ಜಿ ತಂದು, ಒಂದಕ್ಷರವನ್ನೂ ತುಂಬದೆ, ಪೆನ್ನಿನೊಂದಿಗೆ ಅವಳ ಮುಂದಿಟ್ಟೆ.

"ಬೇಡ ಕಣೋ" ಅಂದಳು. "ಹೆದರಿಕೆ ಅಲ್ಲ. ಆಗ ಇದ್ದ ಹುರುಪು ಆರಿಹೋಯ್ತು. ಅದನ್ನ ಮತ್ತೆ ಹೊತ್ತಿಸೋಕೆ ಹೋದ್ರೆ ಬರೀ ಹೊಗೆ."

"ನನ್ನಿಂದ ಹೀಗಾಯ್ತು ಅಕ್ಕ."

"ನೀನು ನೋಡಿದ್ದನ್ನ ಬರ್ದೆ. ನಾನು ತೋರ್ಸಿದ್ದು ಬೇರೆ." ಅವಳು ಅರ್ಜಿಯನ್ನು ಮಡಚಿ ಟಿಕೆಟಿನ ಲಕೋಟೆಗೆ ಸೇರಿಸಿದಳು. "ಆದ್ರೆ ಹೌದು ಅಂತ ಬರ್ದಿದೀನಿ ಅಂತ ಒಂದ್ಮಾತು ಹೇಳ್ಬಹುದಿತ್ತು ನೀನು. ಬೈದು, ನಿಜ ಏನು ಅಂತ ಹೇಳಿರ್ತಿದ್ದೆ."

ಅವಳು ಇದರ ಬಗ್ಗೆ ನನಗೆ ಆಡಿದ ಕಠಿಣ ಮಾತು ಅದೊಂದೇ. ಅದರಲ್ಲಿ ತೆಗೆದುಹಾಕುವಂಥ ಒಂದು ಪದವೂ ಇಲ್ಲ.

ಟಿಕೆಟನ್ನು ಅವಳು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಹೆಂಗಸಿಗೆ ಕೊಟ್ಟಳು. ಗಟ್ಟಿ ಗಂಟಲಿನ, ಕಿಟಕಿಯಿಲ್ಲದ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ದುಡಿಯುತ್ತಿರುವ ಹೆಂಗಸು. ಕಾಲೆತ್ತುವುದನ್ನೂ ಬಾಗಿಲು ದಾಟುವುದನ್ನೂ ಅಕ್ಕನೇ ಅವಳಿಗೆ ಕಲಿಸಿದಳು. ಅರ್ಜಿಯನ್ನು ಆಕೆ ತಾನೇ ತುಂಬಿಕೊಂಡಳು.

ಆ ದಿನ ನಾವು ಮೂವರೂ ಹೋಗಿ ಬೇಲಿಯ ಪಕ್ಕದ ಬೆಂಚಿನ ಮೇಲೆ ಕುಳಿತೆವು. ವಿಮಾನ ಒಂದು ಚುಕ್ಕಿಯಾಯಿತು. ಚುಕ್ಕಿಯಿಂದ ಇನ್ನೊಂದು ಚುಕ್ಕಿ ಕಳಚಿತು.

"ಅವಳೇ ಮೊದಲು ಇಳಿದ್ಲು" ಅಂದಳು ಅಕ್ಕ, ಯಾರಿಗೂ ಅಲ್ಲದಂತೆ.

ಪ್ಯಾರಾಚೂಟ್ ಬಿಚ್ಚಿಕೊಂಡ ಸ್ವಲ್ಪ ಹೊತ್ತಿಗೆಲ್ಲ ಇಸ್ತ್ರಿಯ ಹೆಂಗಸಿನ ಕೂಗು ನಮಗೆ ಕೇಳಿಸಿತು. ಭಯದ್ದೋ ಸಂತೋಷದ್ದೋ ತಿಳಿಯದಷ್ಟು ದೊಡ್ಡ ಕೂಗು. ಅವರು ಮೈದಾನದ ಮೇಲೆ ಒಂದು ಸುತ್ತು ಬಂದು, ನಮ್ಮ ಕಡೆ ಮುಖ ಮಾಡಿ, ಇಳಿಯುತ್ತ ಬಂದರು. ಅಕ್ಕ ಬೆಂಚಿನ ತುದಿಗೆ ಜರುಗಿದಳು. "ಕಾಲು" ಅಂದಳು ಮೆಲ್ಲಗೆ. "ಕಾಲೆತ್ತೇ."

ಆಕೆ ಎತ್ತಿದಳು. ಇಬ್ಬರೂ ಹುಲ್ಲಿನ ಮೇಲೆ ಜಾರಿ ಕುಳಿತರು. ಬಣ್ಣದ ಬಟ್ಟೆ ಅವರ ಹಿಂದೆ ಮೆಲ್ಲನೆ ಮಲಗಿತು.

"ಮಟ್ಟ ಸರಿಯಾಗಿ ಸಿಕ್ತು" ಅಂದಳು ಅಕ್ಕ. "ಒಂದು ಬೆರಳೂ ಮೇಲುಕೆಳಗಾಗ್ಲಿಲ್ಲ."

ಆಗ ನಾನು ಅವಳ ಕಡೆ ನೋಡಿದೆ. ಅವಳ ಎರಡೂ ಕಾಲುಗಳು ನೆಲ ಬಿಟ್ಟಿದ್ದವು. ಮೊಣಕಾಲು ಮಡಚಿರಲಿಲ್ಲ, ಹಿಮ್ಮಡಿ ಸೊಂಟದ ಮಟ್ಟದಲ್ಲಿತ್ತು. ಯಾವಾಗ ಎತ್ತಿದಳೋ ನಾವ್ಯಾರೂ ಗಮನಿಸಿರಲಿಲ್ಲ. ಭಾವ ನೋಡಿದರು. ತಮಾಷೆ ಮಾಡಲಿಲ್ಲ. ಕೈಗಡಿಯಾರವನ್ನು ಕಣ್ಣಿಗೆ ಹತ್ತಿರ ಹಿಡಿದು, ಸೆಕೆಂಡಿಗೆ ಒಂದರಂತೆ, ಒಂದೂ ತಪ್ಪದಂತೆ ಎಣಿಸತೊಡಗಿದರು.

ಹತ್ತಕ್ಕೆ ನಿಲ್ಲಿಸಿದರು. ಅಕ್ಕ ಕಾಲಿಳಿಸಲಿಲ್ಲ.

"ನಿಲ್ಲಿಸ್ಬೇಡಿ" ಅಂದಳು. "ಇನ್ನೂ ಎಣಿಸ್ರೀ."